ಅರವತ್ತೊಂದರ ತೋಳು

"ನೀನು ಇಲ್ಲಿಗೆ ಹೇಗಮ್ಮಾ ಬಂದೆ?"

ಫೋಟೋ ತೆಗೆಯುವಾಕೆ ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಶೆಡ್ಡಿನಲ್ಲಿದ್ದುದು ಅವಳು, ಹಳೆಯ ಉಗಿ ಎಂಜಿನ್ನು ಮತ್ತು ಅತ್ತ ಕೂತು ನಟ್ಟು ಉಜ್ಜುತ್ತಿದ್ದ ಮುದಿ ಫಿಟ್ಟರ್, ಅಷ್ಟೆ. ಎಂಜಿನ್ನಿನ ಹಿತ್ತಾಳೆ ಫಲಕ ನಂಬರು ಮೂವತ್ತೆಂಟು ಎನ್ನುತ್ತಿತ್ತು. ಗಾಲಿಗೆ ಜೋಡಿಸಿದ್ದ ಉಕ್ಕಿನ ತೋಳಿನ ಮೇಲೆ ಮಾತ್ರ, ಅವಳು ಜಿಡ್ಡು ಒರೆಸಿದ ಜಾಗದಲ್ಲಿ, ಅಚ್ಚೊತ್ತಿದ ಅಂಕಿ ಅರವತ್ತೊಂದು.

ಅರವತ್ತೊಂದು ಅವಳ ಅಪ್ಪನ ಎಂಜಿನ್. ಹತ್ತೊಂಬತ್ತು ವರ್ಷ ಓಡಿಸಿದ್ದರು. ಅದನ್ನು ಗುಜರಿಗೆ ಹಾಕಿದ ದಿನ ಮನೆಗೆ ಬಂದು, "ಅವಳದ್ದು ಒಂದು ಮೊಳೆಯೂ ಉಳಿಲಿಲ್ಲ ಕಣೇ" ಎಂದವರು, ಕೊನೆಯವರೆಗೂ ಅದನ್ನೇ ಹೇಳಿಕೊಂಡು ಹೋದರು.

"ಮಾವ, ಈ ಕಪ್ಲಿಂಗ್ ರಾಡ್ ಯಾವ ಎಂಜಿನ್ನಿಂದು?" ಎಂದು ಅಪ್ಪನ ಜೊತೆ ದುಡಿದಿದ್ದ ಆ ಫಿಟ್ಟರನ್ನು ಕೇಳಿದಳು.

"ಅಯ್ಯೋ ರಾಮ! ಡ್ರೈವರ್ ಮಗಳಾಗಿ ಕನೆಕ್ಟಿಂಗ್ ರಾಡಿಗೆ ಕಪ್ಲಿಂಗ್ ಅಂತೀಯಲ್ಲ. ನಿಮ್ಮಪ್ಪ ಕೇಳಿದ್ರೆ ಎಂಜಿನ್ನಿಂದ ಕೆಳಗಿಳಿಸಿ ನಡೆಸ್ತಿದ್ದ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಗೊತ್ತಿಲ್ಲದೆ ಅಲ್ಲ, ಗಾಬರಿಗೆ ಬಾಯಿ ತಪ್ಪಿತ್ತು. ಚಿಕ್ಕಂದಿನಲ್ಲಿ ಅಪ್ಪ ಅವಳ ಮೊಣಕೈ ಹಿಡಿದು ಹಿಂದೆ ಮುಂದೆ ಆಡಿಸುತ್ತ ರಾಗವಾಗಿ ಹೇಳಿಸುತ್ತಿದ್ದರು: ತಳ್ಳುವುದು ಪಿಸ್ಟನ್ನು, ತಿರುಗಿಸುವುದು ಕನೆಕ್ಟಿಂಗ್ ರಾಡು, ಒಂದು ಗಾಲಿಯ ಮಾತು ಇನ್ನೊಂದಕ್ಕೆ ಮುಟ್ಟಿಸುವುದು ಕಪ್ಲಿಂಗ್ ರಾಡು.

ಫಿಟ್ಟರ್ ಹತ್ತಿರ ಬಂದು ಅಂಕಿಯ ಮೇಲೆ ಬೆರಳಾಡಿಸಿದರು. "ಒಂದು ಸವೆದ್ರೆ ಇನ್ನೊಂದರದ್ದು ಬಿಚ್ಚಿ ಹಾಕ್ತಿದ್ವಿ. ಇದನ್ನ ನಾನೇ ಹಾಕಿದ್ದು. ನಿಮ್ಮಪ್ಪಂಗೆ ಹೇಳೋಕೆ ಬಾಯಿ ಬರಲಿಲ್ಲ. ಅವಳ ಕೈ ಕಿತ್ತು ಇವಳಿಗೆ ಜೋಡಿಸ್ದೆ ಅಂತ ಹೆಂಗೆ ಹೇಳ್ಲಿ?"

"ಹೇಳಬೇಕಿತ್ತು ಮಾವ."

"ಹೇಳಬೇಕಿತ್ತು" ಎಂದು ಅವರು ತಲೆ ತಗ್ಗಿಸಿದರು.

ಅವಳು ಕನ್ನಡಿಯೊಂದನ್ನು ಬಾಗಿಲ ಬಳಿ ನಿಲ್ಲಿಸಿ, ಬಿಸಿಲನ್ನು ಓರೆಯಾಗಿ ರಾಡಿನ ಮೇಲೆ ಬೀಳಿಸಿದಳು. ಅಂಕಿಗಳ ಅಂಚಿನಲ್ಲಿ ನೆರಳು ಕೂತು ಅರವತ್ತೊಂದು ಎದ್ದು ನಿಂತಿತು. ಉಸಿರು ಬಿಗಿಹಿಡಿದು ಕ್ಯಾಮೆರಾದ ಗುಂಡಿಯನ್ನು ಒಂದೇ ಸಲ ಒತ್ತಿದಳು.

ಮರುದಿನ, ಆ ಎಂಜಿನ್ನಿನ ಬಗ್ಗೆ ಪುಸ್ತಕ ತರುತ್ತಿದ್ದ ರೈಲು ಸಂಗ್ರಹಾಲಯದ ಅಧಿಕಾರಿ ಆ ಚಿತ್ರವನ್ನು ನೋಡಿ ಕುಣಿದಾಡುವುದೊಂದು ಬಾಕಿ. "ಪುಸ್ತಕದ ಮುಖಪುಟ ಇದೇ!" ಎಂದವರು ಕನ್ನಡಕ ಏರಿಸಿಕೊಂಡರು. "ಇದೇನ್ರೀ ನಂಬರು? ಒಂದು ಭಾಗವೂ ಬದಲಾಗದ ಎಂಜಿನ್ ಅಂತ ಒಳಗಡೆ ಅಚ್ಚಾಗಿದೆ. ಇದನ್ನ ಅಳಿಸಿಬಿಡಿ."

"ಬದಲಾಗಿದೆ ಸರ್. ಬದಲಾಯಿಸಿದವರು ಇನ್ನೂ ಇದ್ದಾರೆ. ಒಳಗಿನ ಸಾಲು ತಿದ್ದಿ."

"ಅಷ್ಟು ಪುಟ ಮತ್ತೆ ಹಾಕ್ಸೋಕಾಗುತ್ತಾ? ನೀವು ಕಂಪ್ಯೂಟರಲ್ಲಿ ಒಂದು ಸಲ ಉಜ್ಜಿದ್ರೆ ಮುಗೀತು. ಯಾರು ನೋಡ್ತಾರೆ?"

"ನಾನು ನೋಡಿದೀನಲ್ಲ."

ಅಧಿಕಾರಿ ಕುರ್ಚಿಗೆ ಒರಗಿದರು. ದನಿ ತಣ್ಣಗಾಯಿತು. "ಶೆಡ್ಡಲ್ಲಿ ಇನ್ನೂ ಹತ್ತು ಎಂಜಿನ್ ಇವೆ. ನೀವು ಆರು ವರ್ಷ ಅಲೆದು ಪರವಾನಗಿ ತಗೊಂಡಿದ್ದು ಅವುಗಳ ಫೋಟೋ ತೆಗೆಯೋಕೇ ಅಲ್ವಾ? ಆ ಚೀಟಿಗೆ ಸಹಿ ಹಾಕೋನು ನಾನು. ಯೋಚನೆ ಮಾಡಿ."

ಅವಳು ಯೋಚಿಸಿದಳು. ಆ ಹತ್ತೂ ಎಂಜಿನ್ನುಗಳು ಕಣ್ಣ ಮುಂದೆ ಸಾಲಾಗಿ ನಿಂತವು. ಅವುಗಳ ಹಿಂದೆ, ಒಂದು ಮೊಳೆಯೂ ಉಳಿಲಿಲ್ಲ ಎನ್ನುತ್ತ ಅಪ್ಪ. ಕೊರಳಿನಿಂದ ಪರವಾನಗಿ ಚೀಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಚಿತ್ರವನ್ನು ಮಾತ್ರ ಎತ್ತಿಕೊಂಡಳು.

"ಕೊನೇ ಸಲ ಕೇಳ್ತಿದೀನಿ" ಎಂದರು ಅಧಿಕಾರಿ. "ಅಳಿಸ್ತೀರೋ ಇಲ್ವೋ?"

"ಅಳಿಸಲ್ಲ."