ಅಸಲು ಹಾಳೆ

"ನೀವು ಏಳ್ರಿ," ಎಂದ ಏಕನಾಥ.

ಉದ್ದಿನ ಸಾಲಿನಲ್ಲಿ ಕೂತು ಬಾಗಿದ ಅಲಗಿನ ಖುರ್ಪಿಯಿಂದ ಕಸ ತೆಗೆಯುತ್ತಿದ್ದ ಧೂಳಮ್ಮ ತಲೆ ಎತ್ತಲಿಲ್ಲ. ಯಾರಿಗೋ ಹೇಳುತ್ತಿದ್ದಾನೆ ಅಂದುಕೊಂಡಳು. ಸಾವಕಾರರ ಹೊಲದ ಉಸ್ತುವಾರಿ ನೋಡುವ ಏಕನಾಥ ಕೂಲಿ ಹೆಂಗಸರಿಗೆ 'ರಿ' ಹಚ್ಚಿ ಮಾತಾಡಿದ್ದನ್ನು ರಾಜೇಶ್ವರದಲ್ಲಿ ಯಾರೂ ಕೇಳಿರಲಿಲ್ಲ. 'ಏ' ಅನ್ನದೆ ಅವನ ಬಾಯಿಂದ ಅವರ ಹೆಸರು ಹೊರಟದ್ದೇ ಇಲ್ಲ.

"ನಿಮಗೇ ಹೇಳಾಕತ್ತೀನ್ರಿ ಯವ್ವಾ. ಖುರ್ಪಿ ಕೆಳಗ ಇಡ್ರಿ. ಬೇವಿನ ಗಿಡದ ನೆಳ್ಳಾಗ ಕಂಬಳಿ ಹಾಸೀನಿ, ಅಲ್ಲಿ ಕೂಡ್ರಿ."

ಪಕ್ಕದ ಸಾಲಿನಲ್ಲಿದ್ದ ಜೈನಬಿ ಕೈ ನಿಲ್ಲಿಸಿದಳು. "ಯಾಕಪಾ ಏಕನಾಥ, ಧೂಳಿ ನಿನಗ ಅತ್ತಿ ಆಗಾಕಿ ಇದ್ದಾಳೇನು? ಮುಂಜಾನಿನೇ ಕಂಬಳಿ ಹಾಸಾಕತ್ತೀದಿ."

ಹೆಂಗಸರೆಲ್ಲ ನಕ್ಕರು. ಏಕನಾಥ ನಗಲಿಲ್ಲ. "ಜೈನಬಿ, ನೀ ನಿನ್ನ ಸಾಲು ನೋಡ. ಸಾವಕಾರ್ರು ಹೇಳಿ ಕಳಿಸ್ಯಾರ. ಇಕಿ... ಇವರು ಇನ್ನಮ್ಯಾಲ ನಮ್ಮ ಹೊಲದಾಗ ಕಸಕ್ಕ ಕೈ ಹಚ್ಚಂಗಿಲ್ಲ."

"ನಾ ಏನ್ ತಪ್ಪ ಮಾಡೀನಿ?" ಎಂದು ಧೂಳಮ್ಮ ಎದ್ದು ನಿಂತಳು. ಕಸ ಬಿಟ್ಟು ಪೈರು ಕಿತ್ತೆನೇ ಎಂದು ಹಿಂದಿನ ಸಾಲನ್ನು ಒಮ್ಮೆ ನೋಡಿದಳು. ಸಾಲು ಸ್ವಚ್ಛವಾಗಿತ್ತು.

"ತಪ್ಪಲ್ರಿ," ಎಂದ ಏಕನಾಥ. ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಕೆಸರು ಮೆತ್ತಿದ ಪಾದಗಳ ಮೇಲಿತ್ತು. "ತಪ್ಪ ನಮ್ದೇ. ಇಷ್ಟ ದಿನ ಗುರ್ತ ಹತ್ತಲಿಲ್ಲ."

ಗುರುತು ಹತ್ತಿದ್ದು ತುಳಜಾರಾಮ ಸಾವಕಾರರಿಗೆ. ಅವರ ಮನೆ ಬಸವಕಲ್ಯಾಣದಲ್ಲಿ, ಕೋಟೆಯ ಹಿಂದಿನ ಓಣಿಯಲ್ಲಿ. ತುಳಜಾಪುರದ ಭವಾನಿಗೆ ಹರಕೆ ಹೊತ್ತು ಹುಟ್ಟಿದ ಮಗನೆಂದು ಆ ಹೆಸರು. ನಿಜಾಮನ ಕಾಲದಲ್ಲಿ ಉರ್ದು ಓದಿದವರು, ಜಮೀನುದಾರರು. ಆದರೆ ಅವರ ಜೀವ ಇದ್ದದ್ದು ಚಿತ್ರಕಥೆಗಳಲ್ಲಿ. ಮಕ್ಕಳ ಮಾಸಿಕಗಳಲ್ಲಿ ಚೌಕ ಚೌಕವಾಗಿ ಅಚ್ಚಾಗುವ ಕಥೆಗಳಿಗೆ ಚಿತ್ರಗಾರ ತನ್ನ ಕೈಯಿಂದ ಮೊದಲು ಬರೆಯುವ ಹಾಳೆ ಇರುತ್ತದಲ್ಲ, ಅಚ್ಚು ಮಾಡಿಕೊಂಡ ಮೇಲೆ ಪ್ರೆಸ್ಸಿನವರು ಮೂಲೆಗೆ ಎಸೆಯುವ ಆ ಹಾಳೆಯನ್ನು ಅವರು ಕೂಡಿಡುತ್ತಿದ್ದರು. ಸೊಲ್ಲಾಪುರ, ಪುಣೆ ಅಂತ ಚಿತ್ರಗಾರರ ಬಾಗಿಲಿಗೆ ಹೋಗಿ ಬೇಡಿ ತರುತ್ತಿದ್ದರು. ಸಂದೂಕಿನಲ್ಲಿ ಒಣ ಬೇವಿನೆಲೆಯ ನಡುವೆ ಮಲಗಿಸುತ್ತಿದ್ದರು. "ಸಾವಕಾರ್ರು ರದ್ದಿ ವ್ಯಾಪಾರ ಶುರು ಮಾಡ್ಯಾರ," ಎಂದು ಊರು ನಗುತ್ತಿತ್ತು. "ಛಾಪಾ ಆದದ್ದು ನೆಳ್ಳು. ಇದು ಅಸಲು," ಎಂದು ಅವರು ಹೇಳುತ್ತಿದ್ದರು.

ಧೂಳಮ್ಮನ ತಮ್ಮ ಪಂಡರಿ ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ಬೋರ್ಡು ಬರೆಯುವವನು. ಗುಲಬರ್ಗಾದ ಒಂದು ಸಣ್ಣ ಮಾಸಿಕಕ್ಕೆ ಭವಾನಿ ಮಹಿಮೆಯನ್ನು ಚಿತ್ರಕಥೆಯಾಗಿ ಬರೆದುಕೊಟ್ಟಿದ್ದ. ಮಾಸಿಕ ವರ್ಷ ತುಂಬುವ ಮೊದಲೇ ನಿಂತುಹೋಯಿತು. ಸಾವಕಾರರು ಅವನ ಹಾಳೆಗಳನ್ನೆಲ್ಲ ಕೊಂಡು, ಮುಂದಿನ ಕಥೆಯನ್ನು ತಮಗಾಗಿಯೇ ಬರೆಯೆಂದು ಹೇಳಿದರು. ಛಾಪಾ ಆಗದಿದ್ದರೂ ಚಿಂತೆಯಿಲ್ಲ, ಮನೆಯಲ್ಲಿ ಕೂತು ತಾವು ನೋಡುತ್ತೇವೆ ಎಂದರು. ಅಚ್ಚಾದ ಪುಸ್ತಕದಲ್ಲಿ ದೇವಿಯ ಮುಖ ಶಾಯಿ ಹರಡಿ ಮಸಿಯ ಉಂಡೆಯಾಗಿತ್ತು. ಅಸಲು ಹಾಳೆಯಲ್ಲಿ ಅದು ಮುಖವಾಗಿತ್ತು: ಅಗಲ ದವಡೆ, ದಣಿದ ಕಣ್ಣು, ಎಡ ಹುಬ್ಬಿನ ಮೇಲೆ ಎಳೆ ಚಂದ್ರನಂಥ ಒಂದು ಕಲೆ. ಅದೊಂದು ಹಾಳೆಗೆ ಚೌಕಟ್ಟು ಹಾಕಿಸಿ ದೇವರ ಕೋಣೆಯಲ್ಲಿಟ್ಟು ಸಾವಕಾರರು ದಿನಾ ಊದುಬತ್ತಿ ಬೆಳಗುತ್ತಿದ್ದರು.

ಹಿಂದಿನ ವಾರ ಅವರು ಹೊಲ ನೋಡಲು ಬಂದಾಗ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು, ಸೊಂಟಕ್ಕೆ ಕೈಕೊಟ್ಟು ಮೋಡ ನೋಡಿದಳು. ಚಿಕ್ಕಂದಿನಲ್ಲಿ ಟಗರು ಹಾಯ್ದ ಕಲೆ ಅವಳ ಹುಬ್ಬಿನ ಮೇಲೆ ಬಿಸಿಲಿಗೆ ಮಿಂಚಿತು. ಬದುವಿನ ಮೇಲೆ ನಿಂತಿದ್ದ ಸಾವಕಾರರು ಚಪ್ಪಲಿ ಕಳಚಿದರು.

ಆಮೇಲೆ ಧೂಳಮ್ಮನಿಗೆ ಯಾವುದಕ್ಕೂ ಕೊರತೆಯಾಗಲಿಲ್ಲ. ಶುಕ್ರವಾರಕ್ಕೊಮ್ಮೆ ಏಕನಾಥ ಜೋಳ, ಬೆಲ್ಲ, ಎಣ್ಣೆ ತಂದು ಹೊಸ್ತಿಲ ಹೊರಗೇ ಇಟ್ಟು ಕೈಮುಗಿದು ಹೋಗುತ್ತಿದ್ದ. ಒಮ್ಮೆ ಹಸಿರು ಸೀರೆ ಬಂತು. ಸಾವಕಾರರೇ ಕರೆಯದ ಮೇಲೆ ಬೇರೆ ಹೊಲದವರೂ ಅವಳನ್ನು ಕೂಲಿಗೆ ಕರೆಯಲಿಲ್ಲ. ತಾಯಿ ಕೈಲೆ ಕಸ ತೆಗೆಸಿದರೆ ಬೆಳೆ ಕೈಗೆ ಹತ್ತೀತೇ? ಬಾವಿಗೆ ಹೋದರೆ ಹೆಂಗಸರು ಹಗ್ಗ ಬಿಟ್ಟು ಸರಿದು ನಿಲ್ಲುವರು. ಯಾರ ಸೊಸೆ ಯಾರ ಮೇಲೆ ಮುನಿದಳು ಎಂಬ ಮಾತು ಅವಳು ಬಂದ ಕೂಡಲೆ ನಿಂತುಬಿಡುವುದು. ಗಂಡ ಅಮೋಘಸಿದ್ದಪ್ಪ ಊರಲ್ಲಿರಲಿಲ್ಲ. ಮಳೆಗಾಲದ ಎರೆಕೆಸರು ಕುರಿಯ ಕಾಲಿಗೆ ಆಗದೆಂದು ಹಿಂಡು ಹೊಡೆದುಕೊಂಡು ಮರಡಿಯ ಕಲ್ಲುನೆಲದ ಕಡೆ ಹೋಗಿದ್ದ.

ದೇವರು ಕಲ್ಲಿನಲ್ಲಿದ್ದಾಗ ಕಲ್ಲಿಗೆ ಬೇಸರವಿಲ್ಲ. ಮನುಷ್ಯರ ಮೈಯಲ್ಲಿ ತಂದು ಕೂರಿಸಿದರೆ, ಆ ಮೈ ಎದ್ದು ಎಲ್ಲಿಗೆ ಹೋಗಬೇಕು? ಧೂಳಮ್ಮನೂ ಭವಾನಿಯ ಒಕ್ಕಲೇ. ಸಂಜೆ ದೀಪ ಹಚ್ಚಿ ಕೈಮುಗಿಯುವುದು ಅವಳಿಗೆ ಉಸಿರಿನಷ್ಟು ಸಹಜವಾಗಿತ್ತು. ಈಗ ಕೈ ಮೇಲೆತ್ತಿದರೆ ನಾಚಿಕೆ ಬರುತ್ತಿತ್ತು.

ಜೈನಬಿ ಒಬ್ಬಳೇ ಸಂಜೆ ಹೊಲದಿಂದ ಬಂದು ಅವಳ ಕಟ್ಟೆಯ ಮೇಲೆ ಕಾಲು ಚಾಚುವಳು.

"ನಮಗೇನ ಬಿಡವಾ, ನಮಗ ನೀ ಧೂಳಿನೇ. ಖರೆ, ಆ ಬೆಲ್ಲದಾಗ ಒಂದ ಹೆಂಟಿ ಕೊಡು. ದೇವರಿಗಿ ಬಂದದ್ದು ದೇವರು ಕೊಡಬೇಕು."

"ನಾಳಿ ನಿನ್ನ ಜೋಡಿ ಬರ್ತೀನಿ ಜೈನಾ. ನಿನ್ನ ಸಾಲಿನಾಗೇ ಕೂಡ್ತೀನಿ."

ಜೈನಬಿ ಬೆಲ್ಲ ಕಡಿಯುವುದನ್ನು ನಿಲ್ಲಿಸಿದಳು. "ಬರಬ್ಯಾಡ. ನಿನ್ನೆ ನೀ ಬದುವಿನ ಮ್ಯಾಲ ಹಾದು ಹೋದಿ ನೋಡು, ಎಲ್ಲಾರೂ ಎದ್ದು ನಿಂತ್ರು. ಏಕನಾಥ ಅದಕ್ಕ ಅವರಿಗಿ ಬೈದ, ಕೆಲಸ ನಿಲ್ಸಿದ್ರಿ ಅಂತ. ಆದ್ರ ನಿನಗ ಎದ್ದು ನಿಂದರಬ್ಯಾಡ್ರಿ ಅನ್ನಾಕೂ ಅವಗ ಅಂಜಿಕಿ." ಉಳಿದ ಬೆಲ್ಲ ಸೆರಗಿಗೆ ಕಟ್ಟಿಕೊಂಡು, "ಹೋಗಿ ನಿನ್ನ ತಮ್ಮಗ ಹೇಳು. ಬರದಾಂವ ಅಂವಾ, ಅಳಸಾಂವನೂ ಅಂವಾನೇ," ಎಂದಳು.

ಮರುದಿನ ಧೂಳಮ್ಮ ಹುಮನಾಬಾದಿಗೆ ಹೋದಳು. ಬಸ್ಸಿನಲ್ಲಿ ರಾಜೇಶ್ವರದ ಮುದುಕನೊಬ್ಬ ಎದ್ದು ಜಾಗ ಕೊಟ್ಟ. ಅವಳು ಕೂರಲಿಲ್ಲ, ಅವನೂ ಕೂರಲಿಲ್ಲ. ಖಾಲಿ ಸೀಟು ಹುಮನಾಬಾದಿನ ತನಕ ಅಲುಗುತ್ತ ಹೋಯಿತು.

ಪಂಡರಿಯ ತಗಡಿನ ಅಂಗಡಿಯಲ್ಲಿ ಟರ್ಪೆಂಟೈನ್ ವಾಸನೆ. ಗೋಡೆಗೆ ಒರಗಿಸಿದ್ದ ಹಲಗೆಯ ಮೇಲೆ ಹೊಸ ಹಾಳೆಯಿತ್ತು. ಸಿಂಹ ಮುಗಿದಿತ್ತು, ದೇವಿಯ ಮೈ ಮುಗಿದಿತ್ತು. ಮುಖದ ಜಾಗ ಬೆಳ್ಳಗೆ ಖಾಲಿ.

"ನನ್ನ ಮುಖ ಯಾಕ ಹಚ್ಚಿದ್ಯೋ ತಮ್ಮಾ?"

ಪಂಡರಿ ಬ್ರಶ್ಶನ್ನು ನೀರಲ್ಲಿ ಅದ್ದಿಟ್ಟ. "ನಾ ಹಚ್ಚಿಲ್ಲಕ್ಕಾ. ತಾಯಿ ಮುಖ ಹ್ಯಾಂಗಿರ್ತದ ಅಂತ ಕಣ್ಣ ಮುಚ್ಚಿದೆ. ನೀ ಬಂದಿ. ನಾ ಮತ್ಯಾರ ಮುಖ ನೋಡೀನಿ ಹೇಳು."

ಅವ್ವ ಸತ್ತಾಗ ಅವನು ಅಂಬೆಗಾಲಿಡುತ್ತಿದ್ದ. ಕುರಿಮರಿ ಕಾಯುತ್ತ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಧೂಳಮ್ಮ. ಬಂಡೆಯ ಮೇಲೆ ಇದ್ದಿಲಿನಿಂದ ಅವನು ಮೊದಲು ಗೆರೆ ಎಳೆದಾಗ ಹೊಡೆಯದೆ, ಇನ್ನೊಂದು ಇದ್ದಿಲು ಕೊಟ್ಟವಳೂ ಅವಳೇ.

"ಬದಲ ಮಾಡು."

"ಮಾಡಿದ್ದೆ." ಅವನು ಹಲಗೆಯ ಹಿಂದಿನಿಂದ ಒಂದು ಹಾಳೆ ಎಳೆದ. ಕ್ಯಾಲೆಂಡರಿನ ದೇವಿಯ ಹಾಗೆ ದೊಡ್ಡ ಕಣ್ಣು, ಸಣ್ಣ ತುಟಿ. "ಸಾವಕಾರ್ರು ವಾಪಸ್ ಕೊಟ್ರು. 'ಇಕಿ ಯಾರೋ ಪಂಡರಿ, ಗುರ್ತ ಸಿಗವಲ್ದು' ಅಂದ್ರು. ಬೇಕಾದ್ದು ಬರಿ, ಆದರ ತಾಯಿ ಮುಖ ಬದಲಾಗಬಾರ್ದು ಅಂತ ಅವರ ಕರಾರು."

"ಹಂಗಾದ್ರ ಅವರಿಗಿ ಬರಿಯೂದೇ ಬಿಡು."

ಪಂಡರಿ ಬ್ರಶ್ಶಿನ ನೀರು ಒರೆಸುತ್ತ ಹೇಳಿದ. "ನೀ ಅಂದ್ರ ಬಿಡ್ತೀನಕ್ಕಾ. ಅವರನ್ ಬಿಟ್ರ ನನ್ನ ಚಿತ್ರ ನೋಡಾಂವ ಮತ್ತೊಬ್ಬ ಇಲ್ಲ. ಲಾರಿ ಹಿಂದ 'ಹಾರ್ನ್ ಹೊಡಿರಿ' ಬರಕೋತ ಕೂಡ್ತೀನಿ. ಹೊಟ್ಟಿ ಅಂತೂ ತುಂಬತದ."

ಅವನು ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟವಾಯಿತು. ಬಿಡು ಎನ್ನಲು ಧೂಳಮ್ಮ ಬಾಯಿ ತೆರೆದಳು. ಬಿಳಿಯ ಖಾಲಿ ಜಾಗವನ್ನು ನೋಡಿದಳು. ಅವನ ಬೆರಳಿನಲ್ಲಿ ಶಾಯಿಯ ಟಾಕು ಒತ್ತಿ ಗಟ್ಟಿಯಾದ ಚರ್ಮವನ್ನು ನೋಡಿದಳು. "ಊಟಾ ಮಾಡೀಯಿಲ್ಲೋ?" ಎಂದಷ್ಟೇ ಕೇಳಿ ಎದ್ದು, ಬಸವಕಲ್ಯಾಣದ ಬಸ್ಸು ಹತ್ತಿದಳು.

ಸಾವಕಾರರು ಬಾಗಿಲಿಗೇ ಓಡಿಬಂದರು. ತೆಳ್ಳಗಿನ ಮುದುಕರು, ಮೂಗಿನ ತುದಿಗೆ ಕನ್ನಡಕ. ಬಗ್ಗಿ ಪಾದ ಮುಟ್ಟಲು ಬಂದಾಗ ಧೂಳಮ್ಮ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಬಡಿದಳು.

"ಬ್ಯಾಡ್ರಿ ಸಾವಕಾರ್ರ. ನಾ ಆ ಹಾಳಿ ನೋಡಬೇಕ್ರಿ."

ಅವರು ಚೌಕಟ್ಟನ್ನು ಇಳಿಸಿ, ಗಾಜು ತೆಗೆದು, ಜಮಖಾನದ ಮೇಲೆ ಕೂಸನ್ನು ಮಲಗಿಸಿದ ಹಾಗೆ ಇಟ್ಟರು. ಧೂಳಮ್ಮ ಎದುರಿಗೆ ಕೂತು ಮೊದಲ ಬಾರಿಗೆ ತನ್ನನ್ನು ನೋಡಿದಳು. ಅವಳ ಮನೆಯ ಕನ್ನಡಿ ಅಂಗೈಯಷ್ಟಿತ್ತು. ಅದರಲ್ಲಿ ಕುಂಕುಮದ ಜಾಗ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇಷ್ಟು ದಣಿದಿದ್ದೇನೆಯೇ ಎನಿಸಿತು. ಚೆಂದವೂ ಎನಿಸಿತು, ಹಾಗೆನಿಸಿದ್ದಕ್ಕೆ ಕೆನ್ನೆಗೆ ಕೈ ಬಡಿದುಕೊಂಡಳು.

"ಇಲ್ಲಿ ನೋಡ್ರಿ ತಾಯೀ," ಎಂದರು ಸಾವಕಾರರು, ಹಾಳೆಗೆ ತಾಗದಂತೆ ಬೆರಳು ತೋರಿಸಿ. ತ್ರಿಶೂಲ ಹಿಡಿದ ಕೈಯ ಸುತ್ತ ಬಿಳಿ ಬಣ್ಣ ದಪ್ಪಗೆ ಒಣಗಿ ಬಿರಿದಿತ್ತು. "ಚಿತ್ರಗಾರರು ತಪ್ಪ ಆದ್ರ ಬಿಳಿ ಬಣ್ಣ ಹಚ್ಚಿ ಮುಚ್ಚತಾರ. ಛಾಪಾ ಆದದ್ರಾಗ ಅದು ಕಾಣಂಗಿಲ್ಲ, ಅಸಲು ಹಾಳ್ಯಾಗ ಅಷ್ಟ. ತ್ರಿಶೂಲದ ಮೊದಲ ಪಂಡರಿ ಇಲ್ಲಿ ಬ್ಯಾರೆ ಆಯುಧ ಬರದಿದ್ದ. ಯಾವ ಆಯುಧ ಅಂತ ಎಲ್ಲಾ ಪುರಾಣ ಹುಡುಕಿದೆ. ಸಿಗವಲ್ದು."

ಧೂಳಮ್ಮ ಬಗ್ಗಿದಳು. ಬಿರುಕಿನ ಸಂದಿಯಲ್ಲಿ ಕಪ್ಪು ಗೆರೆ ಬಾಗಿ ಹೋಗಿತ್ತು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಬಂತು.

"ಅದು ಖುರ್ಪಿರಿ ಸಾವಕಾರ್ರ. ನಂದೇ. ಹಿಡಿ ಸೀಳ್ಯದಂತ ಹಗ್ಗಾ ಸುತ್ತೀನಿ. ನೋಡ್ರಿ, ಸುತ್ತಿದ್ದೂ ಬರದಾನ." ಈಗ ಮಾತು ಸುಲಭವಾಯಿತು. "ನಾ ಕಸ ತಗಿಯಾಕಿರಿ. ಅಂವಗ ನಾ ಅಂದ್ರ ಖುರ್ಪಿನೇ ನೆನಪಾಗಿ ಕೈ ಹಂಗ ಹೋಗ್ಯದ. ದೇವಿ ಎಲ್ಲಿ, ನಾ ಎಲ್ಲಿ? ನನ್ನ ಸಾಲಿಗಿ ಕರೀರಿ."

ಸಾವಕಾರರು ಹಾಳೆಯ ಮೇಲೆ ಬಗ್ಗಿದರು. ಕನ್ನಡಕ ತೆಗೆದು ಒರೆಸಿಕೊಂಡರು. ತೆಗೆದಾಗ ಅವರ ಕಣ್ಣು ತುಂಬಿದ್ದವು.

"ಖುರ್ಪಿ," ಎಂದರು ಮೆಲ್ಲಗೆ. "ಲೋಕದ ಕಸ ತಗಿಯಾಕಿ. ಇಷ್ಟ ವರ್ಷ ಪೂಜಿ ಮಾಡಿ ನನಗ ತಿಳೀಲಿಲ್ಲ ನೋಡ್ರಿ. ನೀವೇ ಬಂದು ಹೇಳಬೇಕಾತು."

ಧೂಳಮ್ಮನ ನಗು ಮುಖದ ಮೇಲೆಯೇ ನಿಂತುಹೋಯಿತು. ಬಾಗಿಲೆಂದು ತಿಳಿದು ತಳ್ಳಿದ್ದು ಗೋಡೆಯಾಗಿತ್ತು. ಆಮೇಲೆ ಅವಳು ಕೇಳಿದ್ದು ಬಹಳ ಸಣ್ಣದು.

"ಯಪ್ಪಾ, ಒಮ್ಮಿ ನನಗ ಬೈರಿ. ಹಿಂದಿನ ವರ್ಷ ಬೈದಿದ್ರಿ ನೋಡ್ರಿ, 'ಏ ಧೂಳಿ, ಕಣ್ಣ ಎಲ್ಲಿಟ್ಟೀದಿ' ಅಂತ. ಹಂಗ ಒಮ್ಮಿ ಅನ್ರಿ. ನಾ ಎದ್ದು ಹೋಗ್ತೀನಿ."

ಸಾವಕಾರರು ಅವಳ ಮಾತು ಮೀರುವವರಲ್ಲ. ನಿಜವಾಗಿಯೂ ಪ್ರಯತ್ನಿಸಿದರು. "ಏ..." ಎಂದು ಬಾಯಿ ತೆರೆದರು. ಮುಂದಿನ ಅಕ್ಷರ ಹೊರಡಲಿಲ್ಲ. ಎರಡೂ ಕೈ ಜೋಡಿಸಿ ತಲೆ ತಗ್ಗಿಸಿದರು.

ಅಷ್ಟರಲ್ಲಿ ಒಳಗಿನಿಂದ ಸಾವಕಾರರ ಹೆಂಡತಿ ಶೇವಂತಾಬಾಯಿ ಬಂದರು. ತೋಳಿನಲ್ಲಿ ಕೌದಿಯಲ್ಲಿ ಸುತ್ತಿದ ಮೊಮ್ಮಗಳು. ಕೂಸಿನ ತುಟಿ ಒಣಗಿ ಬಿರಿದಿತ್ತು, ಕಣ್ಣು ಅರೆ ಮುಚ್ಚಿತ್ತು.

"ಮೂರ ದಿನಾ ಆತ್ರಿ, ಮೈ ಸುಡಾಕತ್ತದ. ಡಾಕ್ಟರ್ ಗುಳಿಗಿ ಕೊಟ್ಟಾರ, ಮುಂಜಾನಿ ಅರದು ಕುಡಿಸೀನಿ. ನೀವು ಬಂದೀರಿ ಅಂತ ಕೇಳಿದೆ. ಇನ್ನ ನಿಮ್ಮ ಉಡ್ಯಾಗ ಹಾಕಾಕತ್ತೀನ್ರಿ ಅವ್ವಾ."

ತಾನಲ್ಲ ಎಂದು ಹೇಳುವಷ್ಟರಲ್ಲಿ ಕೂಸು ಮಡಿಲಿಗೆ ಬಂದಿತ್ತು. ಬಿದ್ದೀತೆಂದು ಕೈ ತಾನೇ ಕೆಳಗೆ ಹೋಯಿತು, ಇನ್ನೊಂದು ಕೈ ತಲೆಯ ಹಿಂದೆ. ಅದು ಅವಳ ಹೊಟ್ಟೆಗೆ ಮುಖ ಒತ್ತಿ, ಸೀರೆಯ ನಿರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಒಮ್ಮೆ ನರಳಿ ಸುಮ್ಮನಾಯಿತು. ಎದುರಿಗೆ ಗಂಡ ಹೆಂಡತಿ ಕೂತು ಕೈ ಜೋಡಿಸಿ ಕಣ್ಣು ಮುಚ್ಚಿದರು. ಓಣಿಯಲ್ಲಿ ಎಮ್ಮೆಗಳು ಮನೆಗೆ ಮರಳುವ ಸಪ್ಪಳ ಬಂದು ಹೋಯಿತು. ರಾಜೇಶ್ವರದ ಬಸ್ಸಿನ ಹೊತ್ತು ಮೀರುತ್ತಿತ್ತು. ಏಳಬೇಕೆಂದರೆ ಆ ಮುಷ್ಟಿ ಬಿಡಿಸಬೇಕು.

ತೊಡೆ ಜೋಮು ಹಿಡಿಯತೊಡಗಿದಾಗ ಧೂಳಮ್ಮ ಕೂಸಿನ ಕುತ್ತಿಗೆಯ ಹಿಂದೆ ಬೆರಳಿಟ್ಟಳು. ತೇವ ಹತ್ತಿತು. ಹಣೆ ಮುಟ್ಟಿದಳು. ಅಲ್ಲಿಯೂ ಸಣ್ಣಗೆ ಬೆವರು ಒಡೆಯುತ್ತಿತ್ತು. ಬೆಂಕಿಯಂತಿದ್ದ ಚರ್ಮ ಅದರಡಿಯಲ್ಲಿ ಮೆಲ್ಲನೆ ಆರುತ್ತಿತ್ತು. ತಮ್ಮನಿಗೆ ಜ್ವರ ಎಷ್ಟು ಸಲ ಹೀಗೇ ಇಳಿದದ್ದನ್ನು ಈ ಕೈ ಕಂಡಿತ್ತು. ಉಳೀತು ಕೂಸು, ಎಂದು ಅವಳ ಎದೆ ತಂಪಾಯಿತು. ಮರುಗಳಿಗೆಯಲ್ಲೇ ತಲೆ ಎತ್ತಿ ಎದುರಿನ ಇಬ್ಬರನ್ನು ನೋಡಿದಳು. ಅವರ ಕಣ್ಣು ಇನ್ನೂ ಮುಚ್ಚಿದ್ದವು. ತೆರೆದು ಈ ಬೆವರು ಕಂಡರೆ, ಗುಳಿಗೆಯಿಂದ ಇಳಿಯಿತೆಂದು ಅವರು ಎಂದೂ ನಂಬರು.

ಧೂಳಮ್ಮ ಸಪ್ಪಳವಾಗದಂತೆ ಸೆರಗಿನ ಚುಂಗು ಹಿಡಿದು ಕೂಸಿನ ಹಣೆ ಒರೆಸಿದಳು. ಕೂದಲ ಬುಡದಲ್ಲಿ ಮತ್ತೆ ಹನಿ ಮೂಡಿತು. ಅದನ್ನೂ ಒರೆಸಿದಳು.