ಮೂಲೆಕೋಣೆಯ ಎರಡನೇ ಮಂಚ

ತಿನಾಯ್ ಫಿಜಿಯ ಸುವಾ ತಲುಪುವ ಹೊತ್ತಿಗೆ ಪಾಠಗಳು ಶುರುವಾಗಿ ಹೋಗಿದ್ದವು. ಅವಳ ದ್ವೀಪ ಮರಾಕೆಯಿಂದ ತರಾವಾಕ್ಕೆ ಬರುವ ದೋಣಿಯ ಎಂಜಿನ್ ಕೆಟ್ಟಿತು, ತರಾವಾದಲ್ಲಿ ವಿಮಾನ ತಪ್ಪಿತು. ಕೊನೆಗೂ ಅವಳು ಕೇದಗೆ ಎಲೆಯ ಚಾಪೆಯ ಸುರುಳಿಯನ್ನು ಬಗಲಲ್ಲಿ ಇರುಕಿಕೊಂಡು ವಿಶ್ವವಿದ್ಯಾಲಯದ ಹುಡುಗಿಯರ ಹಾಸ್ಟೆಲಿನ ಮೆಟ್ಟಿಲೇರಿದಾಗ ಕೋಣೆಗಳೆಲ್ಲ ಭರ್ತಿಯಾಗಿದ್ದವು.

ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ವಸೀತಿ ದಪ್ಪ ಮೈಯ, ಸಣ್ಣ ದನಿಯ ಫಿಜಿ ಹೆಂಗಸು. ಹುಡುಗಿಯರೆಲ್ಲ ಅವಳನ್ನು ಬುಬು, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. "ಇಸಾ, ಅಯ್ಯೋ ಮಗಳೇ, ಇಷ್ಟು ತಡವಾಗಿ ಬಂದ್ರೆ ನಿನ್ನ ಎಲ್ಲಿ ಮಲಗಿಸ್ಲಿ? ನನ್ನ ತಲೆ ಮೇಲಾ? ಊರಲ್ಲಿ ನಿಮ್ಮೋರು ಯಾರಾದ್ರೂ ಇದಾರಾ?" ಎಂದಳು.

ಇದ್ದರು. ತಂದೆಯ ಕಡೆಯ ಅತ್ತೆ ಮೀರೆ, ಊರಂಚಿನ ನದೇರಾದ ತಗಡಿನ ಮನೆಯಲ್ಲಿ. ಅತ್ತೆ ಬಾಗಿಲಲ್ಲೇ ತಬ್ಬಿಕೊಂಡು ಅತ್ತಳು, ಮೀನಿನ ಸಾರು ಬಡಿಸಿದಳು, ಮಕ್ಕಳ ನಡುವೆ ಚಾಪೆ ಹಾಸಲು ಜಾಗ ಮಾಡಿಕೊಟ್ಟಳು. ಪ್ರೀತಿಗೇನೂ ಕಡಿಮೆ ಇರಲಿಲ್ಲ. ಆದರೆ ಪುಸ್ತಕ ತೆರೆದ ಕೂಡಲೇ ಯಾವುದಾದರೊಂದು ಕೂಸು ತೊಡೆ ಏರುತ್ತಿತ್ತು. ಬಟ್ಟೆಯ ರಾಶಿ ಮುಗಿಯುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಅವಳು ಫೇಲಾದಳು. ಪೇಟೆಯ ಹತ್ತಿರ ಬಾಡಿಗೆ ಕೋಣೆ ನೋಡಲು ಹೋದರೆ ಮನೆಯ ಯಜಮಾನಿ ಕಿಟಕಿಗೆ ಮೊಳೆ ಹೊಡೆಸಿದ್ದಳು, ಒಳಗೆ ಮೀನು ಬೇಯಿಸಬಾರದು ಎಂದಳು. ಮೀನಿಲ್ಲದೆ, ಗಾಳಿಯಿಲ್ಲದೆ ಬದುಕುವ ಬಗೆ ತಿನಾಯ್‌ಗೆ ತಿಳಿದಿರಲಿಲ್ಲ.

ಹಾಸ್ಟೆಲಿನ ಕೋಣೆಯ ಸುದ್ದಿ ಹೇಳಿದವಳು ತರಗತಿಯ ಫೂಸಿ. ಟೊಂಗಾದವಳು, ನಕ್ಕರೆ ಬೆಂಚು ಅಲುಗುವಂಥವಳು.

"ಹಳೇ ಕಟ್ಟಡದ ಮೂಲೆಕೋಣೆ ಖಾಲಿ ಇದೆ ಕಣೇ. ಎರಡು ಮಂಚ ಬೇರೆ. ಖಾಲಿ ಅಂದ್ರೆ... ಪೂರ್ತಿ ಖಾಲಿ ಅಂತ ಹೇಳೋಕೂ ಆಗಲ್ಲ."

"ಹಾಗಂದ್ರೆ?"

"ಹೋದ ವರ್ಷ ಸಾಲೊಮನ್ ದ್ವೀಪದ ಹುಡುಗಿ ಒಬ್ಳು ಇದ್ಳು. ಒಂದಿನ ಹಾಸಿಗೆ ಎತ್ಕೊಂಡು ಬಂದು ನಮ್ಮ ಕೋಣೆ ನೆಲದ ಮೇಲೆ ಬಿದ್ಕೊಂಡ್ಳು. ಏನಾಯ್ತೇ ಅಂದ್ರೆ, ಪಕ್ಕದ ಮಂಚದಲ್ಲಿರೋಳು ಏನೋ ಕೇಳ್ತಾಳೆ, ನಂಗೆ ಅರ್ಥ ಆಗಲ್ಲ ಅಂದ್ಳು. ಆಮೇಲೆ ಯಾರೂ ಹೋಗಿಲ್ಲ."

ತಿನಾಯ್ ಅದೇ ಮಧ್ಯಾಹ್ನ ವಸೀತಿಯ ಮುಂದೆ ನಿಂತಳು. ವಸೀತಿ ಬೀಗದ ಕೈ ಹಿಡಿದು ಹಳೆಯ ಕಟ್ಟಡದವರೆಗೆ ಬಂದವಳು ಒಳಗಿನ ಓಣಿ ತಿರುಗುವ ಕಡೆ ನಿಂತುಬಿಟ್ಟಳು. "ನನ್ನ ಮಂಡಿ ನೋವು, ಅಷ್ಟು ದೂರ ನಡೆಯೋಕಾಗಲ್ಲ. ನೀನೇ ತಗೊಂಡು ಹೋಗು," ಎಂದಳು. ಅಲ್ಲಿಂದ ಕೋಣೆಗೆ ನಾಲ್ಕು ಹೆಜ್ಜೆ.

ಕೋಣೆ ಚೊಕ್ಕವಾಗಿತ್ತು. ಕಿಟಕಿಯಾಚೆ ಬ್ರೆಡ್‌ಫ್ರೂಟ್ ಮರ, ಅದರಾಚೆ ಕೊಲ್ಲಿಯ ಬೂದು ನೀರು. ತಿನಾಯ್ ಕಿಟಕಿಯ ಕಡೆಯ ಮಂಚ ಹಿಡಿದಳು. ಗೋಡೆಯ ಕಡೆಯದರ ಮೇಲೆ ಬರಿಯ ಹಾಸಿಗೆ. ನಡುವೆ ಒಂದು ಕಡೆ ತಗ್ಗು ಬಿದ್ದಿತ್ತು. ಯಾರೋ ಬಹಳ ಕಾಲ ಒಂದೇ ಮಗ್ಗುಲಲ್ಲಿ ಮಲಗಿದ ಹಾಗೆ.

ಮೊದಲ ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಮಳೆ ಹಿಡಿಯಿತು. ಸುವಾದ ಮಳೆ ಮಧ್ಯಾಹ್ನದ ಊಟವಾದ ಮೇಲೆ ಬಂದರೆ ಸಂಜೆಯವರೆಗೆ ಬಿಡದು. ತಿನಾಯ್ ಹೊದ್ದು ಕೂತು ಓದುತ್ತಿದ್ದಳು. ಮಳೆಯ ಸದ್ದಿನ ಒಳಗೆ ಇನ್ನೊಂದು ಸದ್ದಿತ್ತು: ಕಷ್ಟಪಟ್ಟು ಎಳೆದು ಬಿಡುವ ಉಸಿರು. ಅವಳು ಪುಸ್ತಕದಿಂದ ಕಣ್ಣೆತ್ತಲಿಲ್ಲ. ಅಕ್ಷರಗಳು ಮಾತ್ರ ಕಾಣದಾದವು. ಬರಿಯ ಹಾಸಿಗೆ ಕಿರ್ ಎಂದಿತು, ಮಲಗಿದವರು ಮಗ್ಗುಲಾಗುವಂತೆ. ತಿನಾಯ್ ಬರಿಗಾಲಲ್ಲೇ ಓಡಿ ಅಡುಗೆಮನೆ ಸೇರಿದಳು.

ಅಲ್ಲಿ ಫೂಸಿ ಮರಗೆಣಸು ಬೇಯಿಸುತ್ತಿದ್ದಳು. "ಬಂದೆಯಾ? ನಾನು ಇವತ್ತೇ ಬರ್ತೀಯ ಅಂದ್ಕೊಂಡಿದ್ದೆ. ನನ್ನ ಹಾಸಿಗೆ ಪಕ್ಕ ಜಾಗ ಇದೆ, ಆದ್ರೆ ನಾನು ಒದೀತೀನಿ," ಎಂದಳು.

ತಿನಾಯ್‌ಗೆ ನಗು ಬರಲಿಲ್ಲ. ಮರಗೆಣಸಿನ ಹಬೆಯ ಮುಂದೆ ಕೂತು ಊರಿನ ಅಜ್ಜಿ ಕಲಿಸಿದ್ದನ್ನು ನೆನೆದಳು. ಮರಾಕೆಯಲ್ಲಿ ಹೊಸಬರು ಯಾರೇ ಕಾಲಿಡಲಿ, ಮೊದಲು ದ್ವೀಪವನ್ನು ಒಂದು ಸುತ್ತು ಬಂದು ಅದನ್ನು ಕಾಯುವ ಹೆಂಗಸರಿಗೆ ತಂಬಾಕು ಇಟ್ಟು ತಾನು ಯಾರೆಂದು ಹೇಳಬೇಕು. ಆ ಹೆಂಗಸರು ಕಣ್ಣಿಗೆ ಕಾಣುವವರಲ್ಲ. ಮಂತ್ರಿಯಾದರೂ ಸರಿ, ಪಾದ್ರಿಯಾದರೂ ಸರಿ, ಇದನ್ನು ಮಾಡದೆ ಯಾರ ಮನೆಯಲ್ಲೂ ನೀರು ಕುಡಿಯುವಂತಿಲ್ಲ. ತಾನು ಇಲ್ಲಿಗೆ ಬಂದು ಇಷ್ಟು ವಾರವಾಯಿತು, ಯಾರಿಗೂ ಹೇಳಿಕೊಂಡಿಲ್ಲ. ಕದ ತೆರೆದು ಒಬ್ಬರ ಕೋಣೆಗೆ ನುಗ್ಗಿ ಅವರ ಕಿಟಕಿ ಹಿಡಿದು ಕೂತಿದ್ದೇನೆ ಎಂದು ಅವಳಿಗೆ ನಾಚಿಕೆಯಾಯಿತು. ಭಯಕ್ಕಿಂತ ಆ ನಾಚಿಕೆಯೇ ಹೆಚ್ಚಾಯಿತು.

ಮರುದಿನ ಬೆಳಿಗ್ಗೆ ಮಾರುಕಟ್ಟೆಯಿಂದ ಹುರಿಯಂತೆ ಹೊಸೆದ ತಂಬಾಕು ತಂದಳು. ಹಳೆಯ ಕಟ್ಟಡವನ್ನು ಸುತ್ತುತ್ತಾ ಒಂದೊಂದು ಮೂಲೆಯಲ್ಲೂ ಒಂದೊಂದು ಚೂರು ಇಟ್ಟು ತನ್ನ ಹೆಸರು, ತಂದೆಯ ಹೆಸರು, ದ್ವೀಪದ ಹೆಸರು ಹೇಳಿದಳು. ಫೂಸಿ ಹಿಂದಿನಿಂದ ಬಂದಳು. "ಲೇ, ಭೂತಕ್ಕೆ ಸೇದೋದು ಕಲಿಸ್ತೀಯಾ? ಇಲ್ಲಿ ಸಿಗರೇಟಿಗೆ ದಂಡ ಹಾಕ್ತಾರೆ ಗೊತ್ತಾ?" ಎಂದು ಗೇಲಿ ಮಾಡಿದಳು; ಆದರೆ ಕೊನೆಯ ಮೂಲೆಯಲ್ಲಿ ಅವಳೂ ತಲೆ ತಗ್ಗಿಸಿದಳು. ಉಳಿದ ಚೂರನ್ನು ತಿನಾಯ್ ಕೋಣೆಗೆ ಒಯ್ದಳು. ತಾಯಿ ಹೆಣೆದುಕೊಟ್ಟ ಚಾಪೆಯನ್ನು ಬರಿಯ ಹಾಸಿಗೆಯ ಮೇಲೆ ಹಾಸಿ ಅದರ ಮೇಲೆ ತಂಬಾಕಿಟ್ಟು, "ತಪ್ಪು ತಿಳ್ಕೋಬೇಡ. ನಾನು ಮರಾಕೆಯ ತಿನಾಯ್. ಇನ್ಮೇಲೆ ನಿನ್ನ ಜೊತೇಲಿರ್ತೀನಿ," ಎಂದಳು.

ಆ ಮಧ್ಯಾಹ್ನ ಮಳೆ ಬಿದ್ದಾಗ ಚಾಪೆಯ ಕಡೆಯಿಂದ ದನಿ ಬಂತು. ಹೆಣ್ಣುದನಿ, ಒಣಗಿದ ಗಂಟಲು. ತಿನಾಯ್‌ಳ ಸ್ವಂತ ಭಾಷೆ. ದಕ್ಷಿಣದ ದ್ವೀಪದವರು ಎಳೆದು ಆಡುವಂತೆ ಆಡಿದ ಮಾತು.

"ಹಡಗು ಬಂತಾ?"

ತಿನಾಯ್‌ಳ ಮೈಯ ರೋಮವೆಲ್ಲ ಎದ್ದು ನಿಂತಿತು. ಆದರೂ ಕೇಳಿದ್ದಕ್ಕೆ ಉತ್ತರ ಕೊಡದಿರುವ ರೂಢಿ ಅವಳು ಬೆಳೆದ ಮನೆಯಲ್ಲಿ ಇರಲಿಲ್ಲ. "ಇಲ್ಲ. ಇನ್ನೂ ಬಂದಿಲ್ಲ," ಎಂದಳು. ಉಸಿರು ಒಂದು ಸಲ ತಡೆದು ಮತ್ತೆ ನಿಧಾನವಾಗಿ ನಡೆಯಿತು.

ಅಲ್ಲಿಂದ ಮುಂದೆ ಮಳೆ ಬಿದ್ದಾಗಲೆಲ್ಲ ಅದೇ ಪ್ರಶ್ನೆ. ಆ ದನಿಯಲ್ಲಿ ಕೋಪವಿರಲಿಲ್ಲ, ಬೆದರಿಕೆ ಇರಲಿಲ್ಲ. ದಿನದಿನಕ್ಕೆ ಅದರಿಂದಲೇ ಹೆಚ್ಚು ಭಯವಾಗತೊಡಗಿತು. ಒಮ್ಮೊಮ್ಮೆ ತಿನಾಯ್ ನೂಡಲ್ಸ್ ಮಾಡಿ ತಂದರೆ ಗೊತ್ತಿಲ್ಲದೆ ಎರಡು ತಟ್ಟೆಗೆ ಹಂಚಿರುತ್ತಿದ್ದಳು. ಒಮ್ಮೊಮ್ಮೆ ಬಿಸಿಲಿನಲ್ಲೂ ಅವಳ ಎದೆಯಲ್ಲಿ ಅದೇ ಎಳೆದುಬಿಡುವ ಉಸಿರು. ಕನ್ನಡಿಯಲ್ಲಿ ಮುಖ ಸೊರಗಿತ್ತು.

ಕೊನೆಗೆ ವಸೀತಿಯ ಕೋಣೆಗೇ ಹೋಗಿ ಕೇಳಿದಳು. "ಬುಬು, ಆ ಮಂಚದಲ್ಲಿ ಯಾರಿದ್ರು?"

ವಸೀತಿ ಹೊಲಿಯುತ್ತಿದ್ದ ಬಟ್ಟೆ ಕೆಳಗಿಟ್ಟಳು. "ಏನು ಕೇಳ್ತಾಳೆ ಅವಳು?"

"ಹಡಗು ಬಂತಾ ಅಂತ."

ವಸೀತಿಯ ಕಣ್ಣು ತುಂಬಿತು. "ಇಸಾ, ಪಾಪದ ಹುಡುಗಿ ತಾಬುಯಾ... ನಾನಾಗ ಇಲ್ಲಿ ಅಡುಗೆಯವಳು. ಕ್ರಿಸ್ಮಸ್ ರಜಕ್ಕೆ ಎಲ್ರೂ ಹೊರಟೋದ್ರು. ಅವಳದ್ದು ದೂರದ ದ್ವೀಪ, ಅರೊರಾಯ್ ಅಂತ. ಆಗೆಲ್ಲ ಹಡಗಿಗೆ ಕಾಯ್ಬೇಕಿತ್ತು. ಕಾಯ್ತಾ ಕಾಯ್ತಾ ಜ್ವರ ಬಂತು, ಎದೆ ಕಟ್ತು. ನಾನು ಸಾರು ತಗೊಂಡು ಹೋದಾಗೆಲ್ಲ ಕೇಳೋಳು, ವಸೀತಿ, ಹಡಗು ಬಂತಾ ಅಂತ. ನಾಳೆ ಬರತ್ತೆ ಅಂತಿದ್ದೆ. ಇನ್ನೇನು ಹೇಳ್ಲಿ, ಹೇಳು? ಆಸ್ಪತ್ರೆಗೆ ಕರ್ಕೊಂಡು ಹೋಗೋ ದಾರೀಲಿ ಹೋದ್ಳು. ಇಲ್ಲೇ ಮಣ್ಣು ಮಾಡಿದ್ವಿ."

ಆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಇಬ್ಬರೂ ಸ್ಮಶಾನಕ್ಕೆ ಹೋದರು. ಸಮಾಧಿಯ ಮೇಲೆ ಸೊಂಟದೆತ್ತರ ಹುಲ್ಲು. ಮಂಡಿ ನೋವಿನ ವಸೀತಿ ಮಂಡಿಯೂರಿ ಕೂತು ಹುಲ್ಲೆಲ್ಲ ಕಿತ್ತಳು. ಬಿಸಿಲಲ್ಲಿ ಬೆವರುತ್ತಾ, "ಇಲ್ಲಿಲ್ಲ ಕಣೇ ಅವಳು," ಎಂದಳು. ತಿನಾಯ್‌ಗೂ ಹಾಗೇ ಅನ್ನಿಸಿತ್ತು.

ಅತ್ತೆ ಮೀರೆಗೆ ವಿಷಯ ಹೇಳಿದಾಗ ಅವಳು ಕೂಸನ್ನು ಎದೆಗೆ ಒತ್ತಿಕೊಂಡಳು. "ಅರೊರಾಯ್‌ನ ತಾಬುಯಾನಾ? ಅವಳ ತಂಗಿ ರೂತಾ ಅಲ್ಲೇ ಇದಾಳೆ, ಚರ್ಚಲ್ಲಿ ಹಾಡ್ತಾಳೆ. ನೋಡು ಮಗಾ, ನಾನು ಒಂದು ಮಾತು ಹೇಳ್ತೀನಿ. ಹಡಗು ಬಂತು ಅಂತ ಮಾತ್ರ ಹೇಳ್ಬೇಡ. ಹೇಳಿದ್ರೆ ಎದ್ದು ಬರ್ತಾಳೆ. ಆಮೇಲೆ ನೀನು ಅರ್ಧ ದಾರೀಲಿ ಬಿಡೋ ಹಾಗಿಲ್ಲ. ಅವಳನ್ನ ಮನೆ ಮುಟ್ಟಿಸ್ಬೇಕು."

ವರ್ಷದ ಕೊನೆ ಬಂತು. ಹಾಸ್ಟೆಲ್ ಮುಚ್ಚುವ ದಿನ ಓಣಿಯ ತುಂಬ ಪೆಟ್ಟಿಗೆಗಳು, ಅಪ್ಪುಗೆಗಳು, ಹೂಮಾಲೆಗಳು. ಫೂಸಿ ಅಳುತ್ತಾ ನಗುತ್ತಾ ಹೊರಟಳು. ಮಧ್ಯಾಹ್ನದ ಹೊತ್ತಿಗೆ ಕಟ್ಟಡ ಬರಿದಾಯಿತು. ಮಳೆ ಹಿಡಿಯಿತು.

ತಿನಾಯ್‌ಗೆ ತರಾವಾದಿಂದ ಉತ್ತರಕ್ಕೆ, ಮರಾಕೆಗೆ ಹೋಗಬೇಕಿತ್ತು. ಅರೊರಾಯ್ ಇರುವುದು ದಕ್ಷಿಣದ ತುದಿಯಲ್ಲಿ. ಅಲ್ಲಿಗೆ ಹೋದರೆ ಕ್ರಿಸ್ಮಸ್‌ಗೆ ತಾಯಿಯ ಮುಖ ನೋಡುವ ಹಾಗಿಲ್ಲ. ಅವಳು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಳು. ಸುಮ್ಮನೆ ಹೊರಗೆ ಕಾಲಿಟ್ಟು ಬೀಗ ಹಾಕಿದರೆ ಮುಗಿಯಿತು. ಇಲ್ಲಿಯವರೆಗೆ ಎಲ್ಲರೂ ಮಾಡಿದ್ದು ಅದನ್ನೇ. ಹಿಂದಿನಿಂದ ಪ್ರಶ್ನೆ ಬಂತು. ಈ ಸಲ ಉಸಿರಿಗಿಂತ ಕ್ಷೀಣವಾಗಿ.

ತಿನಾಯ್ ತಿರುಗಿದಳು. "ಬಂತು," ಎಂದಳು. "ಏಳು, ಹೋಗೋಣ."

ಎಳೆದುಬಿಡುವ ಉಸಿರು ನಿಂತಿತು. ಅವಳು ಚಾಪೆಯನ್ನು ಸುತ್ತಿ ಹುರಿ ಕಟ್ಟಿದಳು. ಬರುವಾಗ ಬಗಲಲ್ಲಿ ಇರುಕಿಕೊಂಡು ಬಂದಿದ್ದ ಚಾಪೆಯನ್ನು ಈಗ ಎರಡೂ ತೋಳಲ್ಲಿ ಎತ್ತಬೇಕಾಯಿತು. ಓಣಿಯ ತಿರುವಿನಲ್ಲಿ ವಸೀತಿ ಕಾದಿದ್ದಳು. ಅವಳು ಏನೂ ಕೇಳದೆ ಚಾಪೆಯ ಒಂದು ತುದಿ ಹಿಡಿದಳು. ಇಬ್ಬರೂ ಅದನ್ನು ಟ್ಯಾಕ್ಸಿಯವರೆಗೆ ಹೊತ್ತರು. ವಸೀತಿ ಚಾಪೆಗೆ ಕೆನ್ನೆ ಒತ್ತಿ, "ಹೋಗಿ ಬಾ, ತಾಯಿ," ಎಂದಳು.

ತರಾವಾದ ಬಂದರಿನಿಂದ ತಾಯಿಗೆ ಫೋನ್ ಮಾಡಿ ವಿಷಯ ಹೇಳಿದಳು. ತಾಯಿ, "ಹುಷಾರಾಗಿ ಕರ್ಕೊಂಡು ಹೋಗು. ದಾರೀಲಿ ಜಗಳ ಆಡ್ಬೇಡ," ಎಂದಳು.

ದಕ್ಷಿಣಕ್ಕೆ ಹೊರಟ ಸರಕಿನ ಹಡಗಿನ ಡೆಕ್ಕಿನಲ್ಲಿ, ಅಕ್ಕಿಮೂಟೆಗಳ ನಡುವೆ ಅವಳು ಚಾಪೆಯ ಪಕ್ಕ ಕೂತಳು. ಅಡುಗೆಯವನು ಅನ್ನದ ಎರಡು ತಟ್ಟೆ ತಂದು ಮುಂದಿಟ್ಟ.

"ನಾನೊಬ್ಳೇ ಅಣ್ಣ," ಎಂದಳು ತಿನಾಯ್.

ಅವನು ಅವಳ ಭುಜದಾಚೆ ನೋಡಿ, "ಅವಳಿಗೆ ಅಲೆ ಹಿಡಿಸ್ತಿಲ್ವಾ? ಸ್ವಲ್ಪ ಉಣ್ಣೋಕೆ ಹೇಳು. ಬಹಳ ಸೋತಿದಾಳೆ," ಎಂದು ಹೋದ. ತಿನಾಯ್ ತಿರುಗಿ ನೋಡಲಿಲ್ಲ. ಎರಡನೆಯ ತಟ್ಟೆಯನ್ನು ಚಾಪೆಯ ಹತ್ತಿರ ಸರಿಸಿದಳು. ತಾನೂ ತಿನ್ನಲಿಲ್ಲ. ಪ್ರಯಾಣದುದ್ದಕ್ಕೂ ಅವಳ ಎಡ ಭುಜದ ಮೇಲೆ ತಲೆಯ ಭಾರವೊಂದು ಒರಗಿಯೇ ಇತ್ತು. ತಣ್ಣಗಿನ ಭಾರ. ಅವಳು ಅಲುಗದೆ ಕೂತಳು.

ಅರೊರಾಯ್‌ನಲ್ಲಿ ಹಡಗು ದಡಕ್ಕೆ ಬರುವಂತಿಲ್ಲ. ಸಣ್ಣ ದೋಣಿಯಲ್ಲಿ ಇಳಿಯಬೇಕು. ಮಟಮಟ ಬಿಸಿಲು. ದಡದಲ್ಲಿ ನೆರೆದವರ ನಡುವೆ ನರೆಗೂದಲ ಹೆಂಗಸೊಬ್ಬಳು ಮೊಣಕಾಲು ನೀರಿನವರೆಗೆ ಬಂದು ನಿಂತಿದ್ದಳು. ಯಾರೂ ಅವಳಿಗೆ ಸುದ್ದಿ ಮುಟ್ಟಿಸಿರಲಿಲ್ಲ.

"ರೂತಾ ಯಾರು?" ಎಂದು ತಿನಾಯ್ ಕೇಳುವ ಮೊದಲೇ ಆ ಹೆಂಗಸು ಚಾಪೆಗೆ ಕೈ ಚಾಚಿದ್ದಳು. "ಮೂರು ದಿನದಿಂದ ಮನೆ ಬಾಗ್ಲು ತಾನಾಗೇ ತೆರ್ಕೋತಿದೆ," ಎಂದಳು. ಚಾಪೆಯ ಭಾರಕ್ಕೆ ಅವಳ ತೋಳು ಜಗ್ಗಿತು. ಆಗ ಅವಳ ಬಾಯಿಂದ ಬಂದ ಸದ್ದಿಗೆ ದಡದ ಜನವೆಲ್ಲ ಮಾತು ನಿಲ್ಲಿಸಿತು.

ರೂತಾಳ ಮನೆಯ ನೆಲದ ಬಿಳಿ ಹರಳುಗಳ ಮೇಲೆ ಚಾಪೆ ಬಿಚ್ಚಿದರು. ಅದರೊಳಗೆ ಏನೂ ಇರಲಿಲ್ಲ. ರೂತಾ ಅದರ ಒಂದು ಮಗ್ಗುಲಿಗೆ, ಅಂಚಿಗೆ ಅಂಟಿಕೊಂಡು, ಇನ್ನೊಬ್ಬರಿಗೆ ಜಾಗ ಬಿಟ್ಟು ಮಲಗಿದಳು. ಹಾಗೇ ಮಾತಾಡುತ್ತಾ ಹೋದಳು: ಯಾರಿಗೆ ಮದುವೆಯಾಯಿತು, ಯಾರು ಸತ್ತರು, ಯಾವ ತೆಂಗಿನ ಮರ ಬಿತ್ತು. ನಡುನಡುವೆ ನಿಲ್ಲಿಸಿ ಆಲಿಸುತ್ತಿದ್ದಳು, ಒಮ್ಮೆ ನಕ್ಕಳು. ತಿನಾಯ್ ಬಾಗಿಲಲ್ಲಿ ಕೂತು ಸಮುದ್ರದ ಕಡೆ ಮುಖ ಮಾಡಿದಳು. ಎಡಭುಜ ಹಗುರವಾಗಿತ್ತು. ಅವಳಿಗೆ ಅಳು ಬಂತು, ಯಾಕೆಂದು ತಿಳಿಯಲಿಲ್ಲ.

ಹೊಸ ವರ್ಷದ ಪಾಠಗಳಿಗೆ ಸುವಾಕ್ಕೆ ಮರಳಿದಾಗ ವಸೀತಿ ಮೂಲೆಕೋಣೆಗೆ ಸುಣ್ಣ ಬಳಿಸಿ ಫಿಜಿಯ ಇಬ್ಬರು ಅಕ್ಕತಂಗಿಯರಿಗೆ ಕೊಟ್ಟಿದ್ದಳು. ಅವರು ಫ್ಯಾನ್ ಯಾರ ಕಡೆ ತಿರುಗಬೇಕೆಂದು ದಿನವಿಡೀ ಕಿತ್ತಾಡುತ್ತಾರೆಂದೂ, ಅವರನ್ನು ಬೈಯಲು ದಿನಕ್ಕೆ ಎರಡು ಸಲ ಓಣಿಯ ತುದಿಯವರೆಗೆ ನಡೆಯಬೇಕಾಗಿದೆಯೆಂದೂ ಗೊಣಗಿದಳು. ತಿನಾಯ್‌ಗೆ ಹೊಸ ಕಟ್ಟಡದಲ್ಲಿ ಒಬ್ಬಳೇ ಇರುವ ಕೋಣೆ ಕೊಡುತ್ತೇನೆಂದಳು. ಎಲ್ಲರೂ ಬಾಯಿಬಿಡುವಂಥ ಕೋಣೆ.

ತಿನಾಯ್ ಬೇಡವೆಂದಳು. ಫೂಸಿಯ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸಿಕೊಂಡಳು. ಫೂಸಿ ನಿಜವಾಗಿಯೂ ಒದೆಯುತ್ತಿದ್ದಳು, ಗೋಡೆಗೆ. ಮಳೆಯ ಮಧ್ಯಾಹ್ನಗಳಲ್ಲಿ ಫೂಸಿ ನಿದ್ದೆಹೋದಾಗ ತಿನಾಯ್ ಪುಸ್ತಕ ಮುಚ್ಚಿ ಸುಮ್ಮನೆ ಕೂರುತ್ತಿದ್ದಳು, ಯಾರಾದರೂ ಏನಾದರೂ ಕೇಳಬಹುದೇನೋ ಎಂದು. ಯಾರೂ ಕೇಳುತ್ತಿರಲಿಲ್ಲ.