ಕ್ಯಾಮೆರಾಕ್ಕೆ ಸುತ್ತಿದ ಪ್ಲಾಸ್ಟಿಕ್

ಕಡಬದಾಚೆಯ ನಮ್ಮ ಊರಿಗೆ ಆನೆ ಬರುವುದು ಹೊಸತಲ್ಲ. ಬಾಳೆ ಹೋದರೆ ಮತ್ತೆ ನೆಡಬಹುದು. ಬೆಳಕು ಹರಿಯುವ ಮೊದಲೇ ರಬ್ಬರ್ ಮರದ ಹಾಲು ಇಳಿಸುವ ಟ್ಯಾಪಿಂಗಿಗೆ ಹೋಗುವವರ ಜೀವಕ್ಕೆ ಯಾರು ಹೊಣೆ? ಹಾಗಾಗಿ ಕಾಡಿನ ಅಂಚಿನುದ್ದಕ್ಕೂ, ಆನೆ ಕಂಡರೆ ಮೆಸೇಜ್ ಕಳಿಸುವ ಕ್ಯಾಮೆರಾ ಕಟ್ಟಿದಾಗ ನನಗಂತೂ ಖುಷಿಯೋ ಖುಷಿ.

ನೆರೆಮನೆಯ ಚಾಂಡಿ ಚೇಟನಿಗೆ ಮಾತ್ರ ಉರಿ. ಮಲಯಾಳಿ ಅಣ್ಣನಿಗೆ ಚೇಟ, ಅಕ್ಕನಿಗೆ ಚೇಚಿ ಎನ್ನುವುದು ನಮ್ಮೂರ ರೂಢಿ.

"ನನ್ನ ಹೆಂಡತಿ ಏಲಿಯಮ್ಮ ನೈಟಿಯಲ್ಲಿ ಟ್ಯಾಪಿಂಗಿಗೆ ಹೋಗುದು. ಅದನ್ನು ಯಾರೋ ಆಫೀಸಿನಲ್ಲಿ ಕೂತು ನೋಡುದಾ? ಎಂತ ಕರ್ಮ ಮಾರಾಯ್ರೆ!"

ಮಳೆಗಾಲಕ್ಕೆ ರಬ್ಬರ್ ಮರಕ್ಕೆ ಸುತ್ತುವ ಪ್ಲಾಸ್ಟಿಕ್ ಇತ್ತಲ್ಲ, ಅದನ್ನೇ ತಂದು ತೋಟದ ಬದಿಯ ಕ್ಯಾಮೆರಾಕ್ಕೂ ಬಿಗಿಯಾಗಿ ಸುತ್ತಿಬಿಟ್ಟರು.

ಮರುದಿನ ನಸುಕಿಗೆ ಕ್ಯಾಮೆರಾ ನೋಡಿಕೊಳ್ಳುವ ನಮ್ಮ ಊರ ಸಂಘದ ಗಾನಶ್ರೀ ಓಡಿ ಬಂದಳು. ಕ್ಯಾಮೆರಾಗಳ ಮೆಸೇಜ್ ಬರುವುದು ಅವಳ ಫೋನಿಗೆ. ನಾನೂ ಅವಳ ಹಿಂದೆಯೇ ಚಾಂಡಿ ಚೇಟನ ಅಂಗಳಕ್ಕೆ ಓಡಿದೆ.

"ಏಲಿಯಮ್ಮ ಚೇಚಿ ಎಲ್ಲಿ?" ಗಾನಶ್ರೀ ಕೇಳಿದಳು.

"ತೋಟದಲ್ಲಿ. ಎಂತ?"

"ಆನೆಯೂ ಅಲ್ಲೇ ಉಂಟು!"

"ಸುಮ್ಮನೆ ಹೆದರಿಸಬೇಡ. ಆ ಕ್ಯಾಮೆರಾ ನಾನು ಮುಚ್ಚಿ ಆಗಿದೆ. ನೋಡಿದ್ದು ಯಾರು?"

"ಓ ದೇವರೇ, ನೀವಾ ಮುಚ್ಚಿದ್ದು? ಹೊಳೆ ಬದಿಯ ಕ್ಯಾಮೆರಾ ಆನೆಯನ್ನು ಕಂಡು ಉಳಿದವಕ್ಕೆ ಹೇಳಿದೆ. ರಸ್ತೆಯದ್ದಕ್ಕೆ ಕಾಣಲಿಲ್ಲ, ಗುಡ್ಡೆಯದ್ದಕ್ಕೂ ಇಲ್ಲ. ನಡುವೆ ಇರುದು ನಿಮ್ಮ ತೋಟ! ಬೇಗ ಫೋನ್ ಮಾಡಿ!"

"ಕರ್ತಾವೇ!" ಚಾಂಡಿ ಚೇಟ ಫೋನ್ ಹಚ್ಚಿದರು. "ಏಲಿಯಮ್ಮಾ, ಕತ್ತಿ ಅಲ್ಲೇ ಬಿಡು. ಹೊಳೆ ಕಡೆ ಹೋಗಬೇಡ. ರಸ್ತೆಗೆ ಬಾ!"

ನಾವು ರಸ್ತೆಗೆ ಓಡುವಷ್ಟರಲ್ಲಿ ಏಲಿಯಮ್ಮ ಏದುಸಿರು ಬಿಡುತ್ತಾ ಅಲ್ಲಿಗೆ ಬಂದರು. ಅವರ ಹಿಂದೆ, ಕೆಳಗಿನ ಸಾಲಿನಲ್ಲಿ, ಮರವೊಂದು ಲಟಲಟನೆ ಮುರಿಯಿತು. ಚಾಂಡಿ ಚೇಟ ಹೆಂಡತಿಯ ಕೈ ಹಿಡಿದು ನಮ್ಮೆದುರೇ ಅತ್ತರು.

ಆನೆ ಕಾಡಿಗೆ ಮರಳಿದ ಮೇಲೆ ಚಾಂಡಿ ಚೇಟ ಕೇಳಿದರು, "ಹಾಗಾದ್ರೆ ಆ ಕ್ಯಾಮೆರಾ ನಮ್ಮನ್ನು ನೋಡುದಿಲ್ವಾ?"

"ಮನುಷ್ಯರ ಚಿತ್ರ ಇದು ಇಟ್ಟುಕೊಳ್ಳುದೇ ಇಲ್ಲ ಚೇಟ. ಆನೆ ಕಂಡರೆ ಮಾತ್ರ ಒಂದಕ್ಕೊಂದು ಹೇಳುದು. ಒಂದರ ಕಣ್ಣು ಮುಚ್ಚಿದರೂ ಉಳಿದವು ಸೇರಿ ಅಂದಾಜು ಮಾಡ್ತವೆ," ಎಂದಳು ಗಾನಶ್ರೀ.

ಎಂಥ ಬುದ್ಧಿ ನೋಡಿ! ನಮ್ಮ ಮನೆಗಳಲ್ಲಿ ಅತ್ತೆ ಸೊಸೆ ಕೂಡ ಇಷ್ಟು ಚಂದ ಮಾತಾಡಿಕೊಳ್ಳುವುದಿಲ್ಲ.

"ಎಲ್ಲರೂ ನಿಮ್ಮ ಹಾಗೆ ಮುಚ್ಚಿದ್ದರೆ?" ಏಲಿಯಮ್ಮ ಗಂಡನನ್ನು ಕೇಳಿದರು. ಅವರು ಎದ್ದು ಹೋಗಿ ಪ್ಲಾಸ್ಟಿಕ್ ಬಿಚ್ಚಿದರು.

ಅಕ್ಕಂದಿರೇ, ಅಣ್ಣಂದಿರೇ, ಅನುಮಾನ ಇದ್ದರೆ ಬಾಯಿಬಿಟ್ಟು ಕೇಳಿ, ಅದು ನಿಮ್ಮ ಹಕ್ಕು. ಕ್ಯಾಮೆರಾ ಮಾತ್ರ ಮುಚ್ಚಬೇಡಿ. ಅಡ್ಡ ಬಂದ ಬಳ್ಳಿ ಸವರಿ. ಆನೆಯ ಮೆಸೇಜ್ ಬಂದಿದೆ ಎಂದು ತಿಳಿದರೆ ಅಂದಿನ ಟ್ಯಾಪಿಂಗ್ ಬಿಡಿ. ಮರ ನಾಳೆಯೂ ಹಾಲು ಕೊಡುತ್ತದೆ. ಅದನ್ನು ತರಲು ನೀವು ಇರಬೇಕು.